ಒಂದೂವರೆ ತಾಸಿನ ಲೆಕ್ಕ

ನಮ್ಮ ಊರು ಕೊರೋಚಿ. ಇಚಲಕರಂಜಿಗೆ ಅಂಟಿಕೊಂಡೇ ಇದೆ. ಹಗಲು ರಾತ್ರಿ ಮಗ್ಗಗಳ ಸದ್ದು ಕೇಳುತ್ತಲೇ ಇರುತ್ತದೆ. ತಮ್ಮ ಬೆಂಗಳೂರಿನಲ್ಲಿ ನೌಕರಿಗೆ ಸೇರಿದ ಮೇಲೆ ಅವ್ವ ಅವನ ಮನೆಯಲ್ಲೇ ಇದ್ದಾಳೆ. ಅವಳನ್ನು ನೋಡಲು ನಾನು ಯಾವಾಗಲೂ ರಾತ್ರಿ ಬಸ್ಸಿಗೆ ಹೋಗುತ್ತಿದ್ದೆ. ನಿಪ್ಪಾಣಿ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರು ದಾಟಿ ಸುಮಾರು 600 ಕಿ.ಮೀ. ದಾರಿ. ಸಂಜೆ ಹೊರಟರೆ ಬೆಳಗ್ಗೆ ತಲುಪುವುದು. ಅವ್ವನಿಗೂ ಆ ಲೆಕ್ಕ ಗೊತ್ತು. ಬೆಳಕು ಹರಿಯುವಾಗ ಚಹಾಕ್ಕೆ ನೀರಿಟ್ಟು ಕಾಯುತ್ತಿದ್ದಳು.

ಕೊಲ್ಲಾಪುರದ ಉಜಳಾಯಿವಾಡಿಯ ವಿಮಾನ ನಿಲ್ದಾಣ 1939ರಷ್ಟು ಹಳೆಯದು, ರಾಜಾರಾಮ ಮಹಾರಾಜರ ಕಾಲದ್ದು. 2018ರಲ್ಲಿ ಉಡಾನ್ ಯೋಜನೆಯಡಿ ಅಲ್ಲಿಂದ ಬೆಂಗಳೂರಿಗೆ ವಿಮಾನ ಶುರುವಾದಾಗ ನಮಗೆಲ್ಲ ಬಹಳ ಸಂತೋಷವಾಯಿತು. ಆಕಾಶದ ನೇರ ದಾರಿ ಸುಮಾರು 530 ಕಿ.ಮೀ. ಮಾತ್ರ. ಟಿಕೆಟ್ಟಿನಲ್ಲಿದ್ದ ಸಮಯ ಒಂದೂವರೆ ತಾಸು.

ಮರುವರ್ಷ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮರುದಿನವೇ ಆಪರೇಷನ್. ತಮ್ಮ ಫೋನು ಅವಳ ಕೈಗೆ ಕೊಟ್ಟ. "ನನ್ನ ಒಳಗ ಒಯ್ಯೂದ್ರಾಗ ಬಾ ಮಗಳ" ಎಂದಳು. "ಹೆದರಬ್ಯಾಡ ಅವ್ವಾ, ನಾಳೆ ವಿಮಾನದಾಗ ಬರ್ತೀನಿ, ಒಂದೂವರೆ ತಾಸು ಅಷ್ಟ" ಎಂದೆ. ಮರುದಿನ ಮನೆ ಬಿಡುವಾಗ ಹತ್ತು ಗಂಟೆ. "ಹೊಂಟೆ ಅವ್ವಾ" ಎಂದು ಫೋನಿನಲ್ಲಿ ಹೇಳಿದೆ.

ಉಜಳಾಯಿವಾಡಿಗೆ ಮುಕ್ಕಾಲು ತಾಸು. ಎರಡು ತಾಸು ಮೊದಲೇ ಬರಬೇಕೆಂಬ ನಿಯಮದಂತೆ ಅಲ್ಲಿ ಕುಳಿತೆ. ವಿಮಾನ ಸಮಯಕ್ಕೇ ಹೊರಟು ಸಮಯಕ್ಕೇ ಇಳಿಯಿತು, ಅದರದೇನೂ ತಪ್ಪಿಲ್ಲ. ಇಳಿದದ್ದು ಮಾತ್ರ ದೇವನಹಳ್ಳಿಯಲ್ಲಿ. ಮೆಜೆಸ್ಟಿಕ್ಕಿಗೇ ಅಲ್ಲಿಂದ ಸುಮಾರು 35 ಕಿ.ಮೀ.; ಆಸ್ಪತ್ರೆ ಅದಕ್ಕೂ ಆಚೆ. ಬ್ಯಾಗು ಬರಲು ಅರ್ಧ ತಾಸು, ಟ್ರಾಫಿಕ್ಕಿನಲ್ಲಿ ಎರಡು ತಾಸು. ನಾನು ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗ ಐದಕ್ಕೆ ಕಾಲು ಗಂಟೆ ಕಡಿಮೆ. ಅವ್ವನನ್ನು ನಾಲ್ಕಕ್ಕೇ ಒಳಗೆ ಒಯ್ದಿದ್ದರು.

"ಹನ್ನೆರಡರಿಂದ ಬಾಗಲಾ ನೋಡಕೋತ ಇದ್ಲು ಅಕ್ಕಾ" ಎಂದ ತಮ್ಮ. ಆ ಮಾತು ನನ್ನ ಎದೆಗೆ ನಾಟಿತು. ಆ ಕುರ್ಚಿಯಲ್ಲಿ ಕಳೆದ ಸಮಯ ಇಡೀ ಪ್ರಯಾಣಕ್ಕಿಂತ ಉದ್ದವಾಗಿತ್ತು.

ದೇವರ ದಯೆ, ಆಪರೇಷನ್ ಚೆನ್ನಾಗಿ ಆಯಿತು. ಮರುದಿನ ಕಣ್ಣು ತೆರೆದು ನನ್ನ ಕೈ ಹಿಡಿದು ಅವ್ವ ಹೇಳಿದ್ದಿಷ್ಟೇ: "ಸಂಜಿಗೆ ಬರ್ತೀನಿ ಅಂದಿದ್ರ ಸಂಜಿತನ ಕಾಯ್ತಿದ್ದೆ. ಹನ್ನೆರಡಾದ ಮ್ಯಾಲೆ ನಿನಗ ಏನಾತೋ ಅಂತ ಹೆದರಿದೆ."

ಆಪರೇಷನ್ನಿಗಲ್ಲ, ನನಗಾಗಿ ಹೆದರಿದ್ದಳು!

ಟಿಕೆಟ್ಟಿನ ಮೇಲಿನ ಸಮಯ ಒಂದು ನಿಲ್ದಾಣದಿಂದ ಇನ್ನೊಂದು ನಿಲ್ದಾಣಕ್ಕೆ. ನಮ್ಮ ಬಾಗಿಲಿನಿಂದ ಅವರ ಬಾಗಿಲಿಗಲ್ಲ. ನನ್ನ ಒಂದೂವರೆ ತಾಸು ನಿಜವಾಗಿ ಆರೂಮುಕ್ಕಾಲು ತಾಸಾಗಿತ್ತು. ಹಾಗಿದ್ದರೂ ಬಸ್ಸಿಗಿಂತ ಬೇಗವೇ. ಆದರೆ ಬಸ್ಸಿನಲ್ಲಿ ಬರುವಾಗ ಅವ್ವನಿಗೆ ನಾನು ಎಂದೂ ಸುಳ್ಳು ಲೆಕ್ಕ ಕೊಟ್ಟಿರಲಿಲ್ಲ.

ಈಗ ಯಾರಾದರೂ "ಬೆಂಗಳೂರಿಗೆ ಎಷ್ಟು ಹೊತ್ತು?" ಎಂದರೆ "ಪೂರ್ತಿ ಒಂದು ಹಗಲು" ಎನ್ನುತ್ತೇನೆ. ಪ್ರಿಯ ಓದುಗರೇ, ಕಾಯುವವರಿಗೆ ಸಮಯ ಹೇಳುವಾಗ ಒಂದು ತಾಸು ಹೆಚ್ಚೇ ಹೇಳಿ. ಬೇಗ ತಲುಪಿದರೆ ಅವರಿಗೆ ಸಂತೋಷವೇ ಅಲ್ಲವೇ?