ಅತ್ತೆಯ ಬಳಚು, ಲಮಾರ್ಕನ ಹೆಸರು

ಮುಂಬಯಿಯ ಮೀನು ಮಾರುಕಟ್ಟೆಯಲ್ಲಿ ನಾವು ‘ತಿಸರ್ಯಾ’ ಎಂದು ಕೇಳಿ ಕೊಳ್ಳುವ ಚಿಪ್ಪು ನಮ್ಮ ಕುಮಟಾ ಕಡೆ ಬಳಚು. ಈ ಸಲ ಮತ್ಸ್ಯಗಂಧ ಹತ್ತಿ ಊರಿಗೆ ಹೋದವನು ಅತ್ತೆಯ ಜೊತೆ ಅಘನಾಶಿನಿ ಅಳಿವೆಗೆ ಇಳಿದೆ. ರಾಮ್ಸರ್ ಪಟ್ಟಿ ಸೇರಿದ ಅಳಿವೆ ಇದು.

ನೀರು ಇಳಿದಿತ್ತು. ಅತ್ತೆ ಕಾಲಿನಿಂದಲೇ ಮರಳು ತಡವಿ, ಬಗ್ಗಿ ಹೆಕ್ಕಿ ಬುಟ್ಟಿಗೆ ಹಾಕುತ್ತಿದ್ದಳು. ನಾನು ಕೈಗೆ ಬಂದದ್ದನ್ನೆಲ್ಲ ಹಾಕುತ್ತಿದ್ದೆ.

“ಎಲ್ಲಾ ಒಂದೇ ಅಲ್ಲ ತಮಾ” ಎಂದಳು.

ನಿಜ. ಮೈತುಂಬ ಒತ್ತೊತ್ತಾಗಿ ಗೆರೆ ಎದ್ದದ್ದು ಪಾಫಿಯಾ. ನುಣ್ಣಗೆ ಹೊಳೆಯುವುದು ಮೆರೆಟ್ರಿಕ್ಸ್. ಎರಡೂ ವೆನೆರಿಡೇ ಕುಟುಂಬದವು. ಚಿಪ್ಪು ಬಿಡಿಸಿದರೆ ಕೀಲಿನ ಬಳಿ ಎರಡೂ ಹೋಳುಗಳಲ್ಲಿ ಮೂರು ಮೂರು ಮುಖ್ಯ ಹಲ್ಲುಗಳು.

ಹೆಸರಿನ ಕತೆ ತಮಾಷೆಯದು. 1758ರಲ್ಲಿ ಲಿನೇಯಸ್ ಒಂದು ಚಿಪ್ಪಿಗೆ ‘ವೀನಸ್ ಮೆರೆಟ್ರಿಕ್ಸ್’ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಮೆರೆಟ್ರಿಕ್ಸ್ ಎಂದರೆ ವೇಶ್ಯೆ. 1791ರಲ್ಲಿ ಗ್ಮೆಲಿನ್ ಇನ್ನೊಂದನ್ನು ‘ವೀನಸ್ ಕಾಸ್ಟಾ’ ಎಂದ. ಕಾಸ್ಟಾ ಎಂದರೆ ಶೀಲವಂತೆ. 1799ರಲ್ಲಿ ಲಮಾರ್ಕ್ ಮೆರೆಟ್ರಿಕ್ಸ್ ಎಂಬ ಬೇರೆ ಕುಲವನ್ನೇ ಮಾಡಿದ. ಕೊನೆಗೆ ಕಾಸ್ಟಾ ಕೂಡ ಆ ಕುಲಕ್ಕೇ ಸೇರಿ ‘ಮೆರೆಟ್ರಿಕ್ಸ್ ಕಾಸ್ಟಾ’ ಆಯಿತು: ಶೀಲವಂತ ವೇಶ್ಯೆ! ಕುಲ ಬದಲಾದ ಗುರುತಿಗೆ ಗ್ಮೆಲಿನ್ ಹೆಸರನ್ನು ಇಂದಿಗೂ ಕಂಸದೊಳಗೆ ಬರೆಯುತ್ತಾರೆ.

ಅತ್ತೆಗೆ ಹೇಳಿದೆ. ನೀರಿನಲ್ಲಿ ನಿಂತೇ ನಕ್ಕಳು. “ಹೆಸರಿಟ್ಟವರು ಯಾರೂ ಬಳಚಿನ ಸಾರು ಉಂಡವರಲ್ಲ.”

ಆಮೇಲೆ ನನ್ನ ಪಾಲಿನದನ್ನೆಲ್ಲ ಅಂಗೈ ಮೇಲೆ ಹರಡಿ ಆರಿಸಿದಳು. ಬಾಯಿ ಬಿಟ್ಟದ್ದು ಸತ್ತದ್ದು, ಆಚೆ. ಉಗುರಿನಷ್ಟಿದ್ದದ್ದು ವಾಪಸ್ ಮರಳಿಗೆ. ಅವಳ ವರ್ಗೀಕರಣ ಅಷ್ಟೇ. “ಮೊದಲೆಲ್ಲ ಇಷ್ಟು ಹೊತ್ತಿಗೆ ಬುಟ್ಟಿ ತುಂಬ್ತಿತ್ತು” ಎಂದಳು. ಅರ್ಧವೂ ತುಂಬಿರಲಿಲ್ಲ. ಈ ಬುಟ್ಟಿಯ ದುಡ್ಡಿನಲ್ಲೇ ನನ್ನ ಕಾಲೇಜಿನ ಮೊದಲ ಫೀ ಕಟ್ಟಿದ್ದು. ಅದನ್ನು ಅವಳು ಆಡಲಿಲ್ಲ, ನಾನೂ ಆಡಲಿಲ್ಲ. ಸಣ್ಣವನ್ನು ಮರಳಿಗೆ ಒತ್ತುತ್ತ ಹೋದೆ.

ಮುಂಬಯಿಗೆ ಮರಳಿದ ಭಾನುವಾರ ಮಾರುಕಟ್ಟೆಗೆ ಹೋದೆ. ತಿಸರ್ಯಾದ ರಾಶಿಯಲ್ಲಿ ಹೆಚ್ಚಿನವು ಉಗುರಿನಷ್ಟೇ ಇದ್ದವು. “ಸ್ವಸ್ತ ಆಹೇ, ಘ್ಯಾ” ಎಂದಳು ಮೀನಿನವಳು. ದೊಡ್ಡವು ಬಂದಾಗ ಕೊಳ್ಳುತ್ತೇನೆ ಎಂದು ಹೇಳಿ, ಅರ್ಧ ಕಿಲೋ ಬಂಗುಡೆ ಹಿಡಿದು ಮನೆಗೆ ಬಂದೆ.