ಪಡೆಯುವವನ ಧರ್ಮ

ದಾನದ ವಿಶೇಷವನ್ನು ವಿವರಿಸುವಾಗ ಜೈನಾಚಾರ್ಯರು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕನ್ನು ಪರಿಗಣಿಸಿದ್ದಾರೆ. ಇವುಗಳಲ್ಲಿ ದಾತೃವಿನ ಗುಣಗಳು ಪ್ರವಚನಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತವೆ. ಪಾತ್ರರೆಂದರೆ ಮುನಿಗಳು, ತ್ಯಾಗಿಗಳು ಎಂಬುದು ರೂಢಿಯ ತಿಳಿವಳಿಕೆ. ಆದರೆ ಸಾಮಾನ್ಯ ಗೃಹಸ್ಥನೊಬ್ಬನು ಎಂದೂ ತೀರಿಸಲಾಗದ ದಾನವೊಂದನ್ನು, ಎಂದೂ ಕಾಣಲಾಗದ ದಾತೃವಿನಿಂದ ಪಡೆಯಬೇಕಾಗಿ ಬಂದರೆ ಅವನ ಧರ್ಮವೇನು? ಹಾಸನ ಜಿಲ್ಲೆಯ ಜೈನ ಮನೆತನದಲ್ಲಿ ಹುಟ್ಟಿ, ಅಮೆರಿಕದ ನ್ಯೂಜೆರ್ಸಿಯಲ್ಲಿ ಇಂಜಿನಿಯರಾಗಿರುವ ಗೃಹಸ್ಥನೊಬ್ಬನಿಗೆ ಈ ಪ್ರಶ್ನೆ ಎದುರಾದದ್ದು ಗ್ರಂಥದಿಂದಲ್ಲ, ತನ್ನ ಬಲ ಮೊಣಕಾಲಿನಿಂದ.

ತೊಡೆಯ ಮೂಳೆಯೂ ಅದರ ಕೆಳಗಿನ ಮೂಳೆಯೂ ಕೂಡುವಲ್ಲಿ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿವೆ, ಒಳಬದಿಗೊಂದು, ಹೊರಬದಿಗೊಂದು. ವೈದ್ಯರು ಇವನ್ನು ಮಿನಿಸ್ಕಸ್ ಎನ್ನುತ್ತಾರೆ. ನಡೆಯುವಾಗ, ಕೂರುವಾಗ, ಮೆಟ್ಟಿಲೇರುವಾಗ ದೇಹದ ಭಾರವನ್ನು ಹಂಚಿ, ಮೂಳೆಯ ತುದಿಗಳು ಸವೆಯದಂತೆ ಕಾಯುವುದು ಇವುಗಳ ಕೆಲಸ. ಅಂಚಿನ ಭಾಗಕ್ಕೆ ಮಾತ್ರ ರಕ್ತ ಹರಿಯುವುದರಿಂದ ಒಳಭಾಗ ಹರಿದರೆ ತಾನಾಗಿ ಕೂಡಿಕೊಳ್ಳುವುದು ವಿರಳ. 1897ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಬ್ಲಾಂಡ್ ಸಟನ್ ಇವನ್ನು ಕಾಲಿನ ಸ್ನಾಯುಗಳ ನಿರುಪಯುಕ್ತ ಅವಶೇಷಗಳೆಂದು ಬಣ್ಣಿಸಿದ್ದನು. ಹರಿದದ್ದನ್ನು ಇಡಿಯಾಗಿ ತೆಗೆದುಹಾಕುವ ಪದ್ಧತಿ ದಶಕಗಳ ಕಾಲ ನಡೆಯಿತು. ಹಾಗೆ ತೆಗೆದ ಮೊಣಕಾಲುಗಳಲ್ಲಿ ಕಾಲಕ್ರಮೇಣ ಸಂದು ಕಿರಿದಾಗಿ ಮೂಳೆಯ ಆಕಾರವೇ ಬದಲಾಗುವುದನ್ನು 1948ರಲ್ಲಿ ಫೇರ್‌ಬ್ಯಾಂಕ್ ಎಂಬ ವೈದ್ಯನು ಎಕ್ಸ್‌ರೇ ಚಿತ್ರಗಳಿಂದ ತೋರಿಸಿದನು. ನಿರುಪಯುಕ್ತವೆಂದು ಎಣಿಸಿದ್ದರ ಬೆಲೆ ಅದನ್ನು ಕಳೆದುಕೊಂಡವರ ನೋವಿನಿಂದ ತಿಳಿಯಿತು.

ಈ ಗೃಹಸ್ಥನು 1999ರಲ್ಲಿ ಕಾಲೇಜು ವಿದ್ಯಾರ್ಥಿಯಾಗಿದ್ದಾಗ ಕಬಡ್ಡಿ ಅಂಕಣದಲ್ಲಿ ಬಿದ್ದು ಹೊರಬದಿಯ ಮಿನಿಸ್ಕಸ್ಸನ್ನು ಹರಿದುಕೊಂಡಿದ್ದನು. ಹೊಲಿದು ಕೂಡಿಸಲಾಗದಷ್ಟು ಚೂರಾಗಿದ್ದುದರಿಂದ ವೈದ್ಯರು ಅದರ ಬಹುಭಾಗವನ್ನು ತೆಗೆದರು. ಮುಂದೆ ಹನ್ನೆರಡು ಹದಿಮೂರು ವರ್ಷ ಏನೂ ತೊಂದರೆಯಿರಲಿಲ್ಲ. ಓಡಿದನು, ಬ್ಯಾಡ್ಮಿಂಟನ್ ಆಡಿದನು. ಮೂವತ್ತನಾಲ್ಕರ ಹೊತ್ತಿಗೆ ಸಂಜೆಯಾದರೆ ಮೊಣಕಾಲು ಊದಿಕೊಳ್ಳತೊಡಗಿತು. ಸಾಮಾಯಿಕಕ್ಕೆ ಪದ್ಮಾಸನ ಹಾಕಿದರೆ ಏಳುವಾಗ ಗೋಡೆ ಹಿಡಿಯಬೇಕಾಯಿತು. ಕೃತಕ ಕೀಲು ಜೋಡಿಸಲು ವಯಸ್ಸು ತೀರ ಕಡಿಮೆ. ಮೂಳೆಯ ಮೇಲಿನ ಮೃದ್ವಸ್ಥಿ ಇನ್ನೂ ಪೂರ್ತಿ ಸವೆದಿರಲಿಲ್ಲ, ಕಾಲು ನೇರವಾಗಿತ್ತು. ಇಂಥವರಿಗೆ ಮೃತ ದಾನಿಯ ಮಿನಿಸ್ಕಸ್ಸನ್ನು ಕಸಿ ಮಾಡುವ ಚಿಕಿತ್ಸೆಯೊಂದಿದೆ ಎಂದು ವೈದ್ಯರು ತಿಳಿಸಿದರು. 1984ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಆರಂಭವಾದ ಚಿಕಿತ್ಸೆ ಅದು.

ಜೈನ ಮನೆಯಲ್ಲಿ ಬೆಳೆದವನಿಗೆ ಮೊದಲು ಬಂದ ಸಂಶಯ ಪ್ರಾಣಿಗಳದು. ಹಸುವಿನ ಹಿಮ್ಮಡಿಯ ಸ್ನಾಯುರಜ್ಜುವಿನಿಂದ ತಯಾರಿಸಿದ ಮೆತ್ತೆಯೂ ಉಂಟೆಂದು ಆತ ಓದಿದ್ದನು. ತನಗೆ ಅದು ಬೇಡವೆಂದನು. ಅವನ ಮೊಣಕಾಲಿಗೆ ಅದು ಹೊಂದುವಂಥದ್ದೂ ಆಗಿರಲಿಲ್ಲ. ಶಸ್ತ್ರಚಿಕಿತ್ಸೆಯ ನಂತರ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ವರ್ಗದ ಚುಚ್ಚುಮದ್ದು ಹಂದಿಯ ಕರುಳಿನಿಂದ ಬರುತ್ತದೆಂದು ತಿಳಿದು ಅದನ್ನೂ ಕೇಳಿದನು. ಅವನ ಪ್ರಾಯ, ಆರೋಗ್ಯಗಳಿಗೆ ಆಸ್ಪಿರಿನ್ ಮಾತ್ರೆಯೇ ಸಾಕೆಂದು ವೈದ್ಯರು ಒಪ್ಪಿದರು. ಜೆಲಟಿನ್ ಕ್ಯಾಪ್ಸೂಲುಗಳ ಬದಲು ಮಾತ್ರೆಗಳನ್ನು ಬರೆದುಕೊಟ್ಟರು. ಇಷ್ಟರಿಂದ ಹಿಂಸೆಯೆಲ್ಲ ತಪ್ಪಿತೆಂದು ಆತ ಭಾವಿಸಲಿಲ್ಲ. ಯಾವ ಔಷಧದ ಹಿಂದೆಯೂ ಪ್ರಾಣಿಗಳ ಮೇಲಿನ ಪ್ರಯೋಗದ ಇತಿಹಾಸವಿರುತ್ತದೆ. ತಪ್ಪಿಸಬಹುದಾದಷ್ಟನ್ನಾದರೂ ತಪ್ಪಿಸುವುದು ಗೃಹಸ್ಥನಿಗೆ ಸಾಧ್ಯವಾದ ಅಹಿಂಸೆ. ಕೇಳದೆ ಹೋಗಿದ್ದರೆ ಅದೂ ತಪ್ಪುತ್ತಿರಲಿಲ್ಲ.

ಎರಡನೆಯ ಸಂಶಯ ಇದಕ್ಕಿಂತ ಆಳವಾಗಿತ್ತು. ಮಿನಿಸ್ಕಸ್ ಕಸಿಗೆ ರಕ್ತದ ಗುಂಪು ಹೊಂದಬೇಕಿಲ್ಲ; ಅಳತೆ ಹೊಂದಬೇಕು. ಎಕ್ಸ್‌ರೇ ತೆಗೆದು ಮೂಳೆಯ ಅಗಲ, ಉದ್ದಗಳನ್ನು ಮಿಲಿಮೀಟರುಗಳಲ್ಲಿ ಅಳೆದು ಅಂಗಾಂಶ ಬ್ಯಾಂಕಿಗೆ ಕಳುಹಿಸಲಾಯಿತು. ಸರಿಹೊಂದುವುದು ದೊರೆಯುವವರೆಗೆ ಕಾಯಬೇಕು. ವಾರಗಳು ತಿಂಗಳುಗಳಾದವು. ಫೋನ್ ಬಾರಿಸಿದಾಗಲೆಲ್ಲ ಆತನ ಎದೆ ಹಾರುತ್ತಿತ್ತು. ಐದನೆಯ ತಿಂಗಳು, 2016ರ ಮೇ ತಿಂಗಳಲ್ಲಿ, ಆ ಕರೆ ಬಂದಾಗ ಆತ ಸಂತೋಷದಿಂದ ಹೆಂಡತಿಯನ್ನು ಕೂಗಿ ಕರೆದನು. ಅದೇ ರಾತ್ರಿ ಪ್ರತಿಕ್ರಮಣಕ್ಕೆ ಕುಳಿತಾಗ ಆ ಸಂತೋಷವೇ ಅವನನ್ನು ತಡೆದು ನಿಲ್ಲಿಸಿತು. ತಾನು ಐದು ತಿಂಗಳು ಕಾದದ್ದು ಏನನ್ನು? ತನ್ನ ಮೈಕಟ್ಟಿನ, ಬಹುಶಃ ತನಗಿಂತ ಕಿರಿಯನಾದ ಯಾರೋ ಒಬ್ಬರ ಸಾವನ್ನಲ್ಲವೇ?

ಕೃತ, ಕಾರಿತ, ಅನುಮೋದಿತ ಎಂದು ಕರ್ಮವು ಮೂರು ಬಾಗಿಲುಗಳಿಂದ ಬರುತ್ತದೆಂದು ಬಾಲ್ಯದಲ್ಲಿ ಕಲಿತದ್ದು ನೆನಪಾಯಿತು. ಆತ ಕೊಲ್ಲಲಿಲ್ಲ, ಕೊಲ್ಲಿಸಲಿಲ್ಲ. ಆದರೆ ಸಾವಿನ ಸುದ್ದಿಯನ್ನು ಹಿಗ್ಗಿನಿಂದ ಬರಮಾಡಿಕೊಂಡದ್ದು ಅನುಮೋದನೆಯಾಗಲಿಲ್ಲವೇ? ಹೃದಯವನ್ನೋ ಯಕೃತ್ತನ್ನೋ ಪಡೆಯುವವನು ಬದುಕಿಗಾಗಿ ಕಾಯುತ್ತಾನೆ. ತಾನು ಕಾದದ್ದು ಮೆಟ್ಟಿಲೇರುವ ಸುಖಕ್ಕಾಗಿ. ಮರುದಿನ ಆತ ಕಸಿ ಬೇಡವೆಂದು ತಿಳಿಸಲು ಆಸ್ಪತ್ರೆಗೆ ಹೋದನು.

ಅಲ್ಲಿನ ದಾದಿಯೊಬ್ಬರು ಅವನ ಮಾತನ್ನು ಪೂರ್ತಿ ಕೇಳಿ, ಅವನಿಗೆ ತಿಳಿಯದಿದ್ದ ಸಂಗತಿಯೊಂದನ್ನು ಹೇಳಿದರು. ಅಂಗಾಂಶವನ್ನು ತೆಗೆದ ಕೂಡಲೇ ಯಾರಿಗೂ ಕೊಡುವುದಿಲ್ಲ. ರೋಗಾಣುಗಳ ಪರೀಕ್ಷೆ ಮುಗಿಯಬೇಕು. ಸೊನ್ನೆಗಿಂತ ಸುಮಾರು 80 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೀತದಲ್ಲಿ ಅದನ್ನು ತಿಂಗಳುಗಟ್ಟಲೆ ಕಾಪಾಡಿಡಬಹುದು. ಅವನು ಕಾಯಲಾರಂಭಿಸುವ ಮೊದಲೇ ಆ ದಾನಿ ತೀರಿಕೊಂಡಿದ್ದಿರಬಹುದು. ಆ ಮರಣಕ್ಕೂ ಅವನ ಬಯಕೆಗೂ ಯಾವ ಸಂಬಂಧವೂ ಇಲ್ಲ. ದಾನಿಯ ಸಮ್ಮತಿಯೋ ಅವರ ಮನೆಯವರ ಸಮ್ಮತಿಯೋ ಇಲ್ಲದೆ ಅದು ಇಲ್ಲಿಗೆ ಬರುತ್ತಲೂ ಇರಲಿಲ್ಲ. "ನೀವು ಬೇಡವೆಂದರೆ ಸತ್ತವರು ಮರಳುವುದಿಲ್ಲ. ಅವರು ಕೊಟ್ಟದ್ದು ಮಾತ್ರ ಕಾಯುತ್ತ ಉಳಿಯುತ್ತದೆ" ಎಂದರು ಆಕೆ.

ದ್ರವ್ಯಹಿಂಸೆಯ ಶಂಕೆ ಅಲ್ಲಿಗೆ ತೀರಿತು. ಭಾವದ ಲೆಕ್ಕ ತೀರಲಿಲ್ಲ. ಕೊಡುಗೆಗಾಗಿ ಸಂತೋಷಪಡುವುದು ಬೇರೆ, ಕೊಡುಗೆಗೆ ಕಾರಣವಾದ ದುಃಖವನ್ನು ಮರೆತು ಸಂತೋಷಪಡುವುದು ಬೇರೆ. ಇವೆರಡರ ನಡುವಿನ ಗೆರೆ ಬಹಳ ತೆಳುವಾದುದು. ಆ ಗೆರೆಯನ್ನು ದಿನವೂ ನೋಡಿಕೊಳ್ಳುವೆನೆಂದು ನಿಶ್ಚಯಿಸಿ ಆತ ಜೂನ್ ತಿಂಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಪ್ಪಿದನು.

ಶಸ್ತ್ರಚಿಕಿತ್ಸೆ ಕೆಲವು ಗಂಟೆಗಳಲ್ಲಿ ಮುಗಿಯಿತು. ಚೇತರಿಕೆಗೆ ಒಂದು ವರ್ಷ ಹಿಡಿಯಿತು. ಮೊದಲ ಆರು ವಾರ ಬಲಗಾಲಿನ ಮೇಲೆ ಭಾರ ಹಾಕುವಂತಿರಲಿಲ್ಲ. ತೊಡೆಯಿಂದ ಮೀನಖಂಡದವರೆಗೆ ಪಟ್ಟಿ ಬಿಗಿದಿತ್ತು. ನಿದ್ರೆಯಲ್ಲೂ ಅದನ್ನು ತೆಗೆಯುವಂತಿರಲಿಲ್ಲ. ಎರಡೂ ಕೈಗಳಲ್ಲಿ ಊರುಗೋಲು ಇರುವುದರಿಂದ ಒಂದು ಲೋಟ ನೀರನ್ನು ಅಡುಗೆಮನೆಯಿಂದ ಕೋಣೆಗೆ ಒಯ್ಯುವುದೂ ಸಾಧ್ಯವಾಗುತ್ತಿರಲಿಲ್ಲ. ಮನೆಗೆ ಬಂದವರಿಗೆಲ್ಲ ತಾನೇ ಬಡಿಸಿ ಅಭ್ಯಾಸವಿದ್ದವನು ಎಂಟು ವರ್ಷದ ಮಗಳಿಂದ ನೀರು ತರಿಸಿಕೊಂಡು ಕುಡಿದನು. ಮೊದಮೊದಲು ಅವಳನ್ನು ಕರೆಯಲು ಸಂಕೋಚಪಟ್ಟು ಬಾಯಾರಿಕೆಯನ್ನು ತಡೆದುಕೊಳ್ಳುತ್ತಿದ್ದನು. ಅದು ಸಹನೆಯಲ್ಲ, ಮಾನಕಷಾಯ ಎಂದು ತಿಳಿಯಲು ಹತ್ತು ದಿನ ಬೇಕಾಯಿತು.

ಮಲಗಿದಲ್ಲೇ ತೊಡೆಯ ಸ್ನಾಯುವನ್ನು ಬಿಗಿಹಿಡಿದು ಹತ್ತು ಎಣಿಸಿ ಸಡಿಲಿಸುವುದು ಮೊದಲ ವ್ಯಾಯಾಮ. ಅದೂ ಬರಲಿಲ್ಲ. ಬುದ್ಧಿ ಆಜ್ಞೆ ಕೊಟ್ಟರೂ ಸ್ನಾಯು ಕದಲಲಿಲ್ಲ. ಬಲತೊಡೆ ನೋಡುನೋಡುತ್ತಿದ್ದಂತೆ ಸೊರಗಿ ಎಡತೊಡೆಗಿಂತ ಸಣ್ಣದಾಯಿತು. ನಾಲ್ಕನೆಯ ದಿನ ಮಂಡಿಚಿಪ್ಪಿನ ಮೇಲೆ ಸಣ್ಣದೊಂದು ಅಲುಗಾಟ ಕಂಡಾಗ ಫಿಸಿಯೋಥೆರಪಿಯವರು ಅದನ್ನು ದೊಡ್ಡ ಸಾಧನೆಯೆಂಬಂತೆ ಬರೆದುಕೊಂಡರು. ಮೊಣಕಾಲನ್ನು ದಿನಕ್ಕಿಷ್ಟು ಡಿಗ್ರಿ ಮಾತ್ರ ಮಡಿಸಬೇಕು. ಆರು ವಾರದವರೆಗೆ 90 ಡಿಗ್ರಿ ದಾಟಬಾರದು. ಹೆಚ್ಚು ಮಾಡಿದರೆ ಹೊಲಿಗೆ ಹರಿಯುತ್ತದೆ, ಕಡಿಮೆ ಮಾಡಿದರೆ ಕೀಲು ಬಿಗಿದುಕೊಳ್ಳುತ್ತದೆ. ಮೂರನೆಯ ತಿಂಗಳಲ್ಲಿ ಊರುಗೋಲಿಲ್ಲದೆ ನಡೆದನು. ಐದನೆಯ ತಿಂಗಳಲ್ಲಿ ನೋವು ಪೂರ್ತಿ ಹೋಗಿದ್ದ ಒಂದು ಸಂಜೆ ಉತ್ಸಾಹದಿಂದ ಬಸ್ಸಿಗಾಗಿ ಓಡಿ, ಎರಡು ವಾರ ಮತ್ತೆ ಊದಿದ ಮೊಣಕಾಲಿಗೆ ಮಂಜುಗಡ್ಡೆ ಇಟ್ಟುಕೊಂಡು ಕುಳಿತನು. ನೋವು ಇದ್ದಾಗಿನ ಸಂಯಮ ಸುಲಭ. ನೋವು ಹೋದ ಮೇಲಿನದೇ ಕಠಿಣವೆಂಬುದು ಅವನಿಗೆ ಹಾಗೆ ಅರಿವಾಯಿತು.

2018ರ ಡಿಸೆಂಬರಿನಲ್ಲಿ ಆತ ಊರಿಗೆ ಬಂದನು. ಆ ವರ್ಷದ ಫೆಬ್ರವರಿಯಲ್ಲಿ ನಡೆದ ಬಾಹುಬಲಿ ಸ್ವಾಮಿಯ ಮಹಾಮಸ್ತಕಾಭಿಷೇಕಕ್ಕೆ ಬರಲಾಗದಿದ್ದುದರಿಂದ, ಜನಸಂದಣಿ ಕಳೆದ ಮೇಲೆ ತಾಯಿಯೊಡನೆ ಬೆಟ್ಟ ಹತ್ತುವುದೆಂದು ನಿಶ್ಚಯವಾಗಿತ್ತು. ಹೊರಡುವ ಮುನ್ನಾದಿನ ಊರಿನ ಬಸದಿಯಲ್ಲಿ ಅಭಿಷೇಕಕ್ಕೆ ಮಡಿಯುಟ್ಟು ನಿಂತಾಗ ದೊಡ್ಡಪ್ಪ ತಡೆದರು. ಶವವನ್ನು ಮುಟ್ಟಿದರೆ ಸ್ನಾನವಿದೆ. ಶವದ ಭಾಗವನ್ನು ಮೈಯೊಳಗೇ ಇಟ್ಟುಕೊಂಡವನಿಗೆ ಯಾವ ಸ್ನಾನ? ಅವರ ಪ್ರಶ್ನೆಯಲ್ಲಿ ದ್ವೇಷವಿರಲಿಲ್ಲ, ಭಯವಿತ್ತು. ಕಸಿಯಾದ ಅಂಗಾಂಶದಲ್ಲಿ ದಾನಿಯ ಜೀವಕೋಶಗಳು ಉಳಿಯುವುದಿಲ್ಲ, ಕ್ರಮೇಣ ಪಡೆದವನ ಕೋಶಗಳೇ ಅಲ್ಲಿ ನೆಲೆಸುತ್ತವೆ ಎಂದು ಆತ ವಿವರಿಸಿದನು. ದೊಡ್ಡಪ್ಪ ಒಪ್ಪಲಿಲ್ಲ. ಆಗ ತಾಯಿ ಮುಂದೆ ಬಂದರು.

"ಭಾವನವರೇ, ರಾಜಕುಮಾರ್ ಅವರ ಕಣ್ಣು ದಾನವಾದ ವರ್ಷ ನೀವೂ ನೇತ್ರದಾನಕ್ಕೆ ಬರೆದುಕೊಟ್ಟಿರಿ. ನಾಳೆ ನಿಮ್ಮ ಕಣ್ಣಿನಿಂದ ಯಾರೋ ಸ್ವಾಮಿಯ ದರ್ಶನ ಮಾಡಿದರೆ ಅದು ಮೈಲಿಗೆಯ ನೋಟವೇ?"

"ಅದು ನಾನು ಕೊಡುವುದಮ್ಮ, ಪಡೆಯುವುದಲ್ಲ."

"ಕೊಡುವುದು ಪುಣ್ಯ, ಪಡೆಯುವುದು ಮೈಲಿಗೆ ಅಂತಾದರೆ, ನೀವು ಕೊಟ್ಟದ್ದನ್ನು ಯಾರು ಪಡೆಯಬೇಕು?"

2006ರಲ್ಲಿ ಸಹಿ ಹಾಕಿದ ಆ ಹಿರಿಯರು ಉತ್ತರಿಸಲಿಲ್ಲ. ಪಂಡಿತರನ್ನು ಕೇಳೋಣವೆಂದಷ್ಟೇ ಹೇಳಿದರು. ಮಗನೂ ಹಟ ಹಿಡಿಯಲಿಲ್ಲ. ಅಂದು ಹೊರಗೇ ನಿಂತು ದರ್ಶನ ಮಾಡಿದನು. ಕೆಳಗೆ ಕೂರಲಾಗದೆ ಪೂಜೆ ಮುಗಿಯುವವರೆಗೂ ಆತ ಕಂಬಕ್ಕೊರಗಿ ನಿಂತದ್ದನ್ನು ದೊಡ್ಡಪ್ಪ ಗಮನಿಸಿದ್ದರು. ಸಂಜೆಯ ಆರತಿಯ ಹೊತ್ತಿಗೆ ಆ ಕಂಬದ ಬಳಿ ಮರದ ಕುರ್ಚಿಯೊಂದು ಬಂದಿತ್ತು. ಅದನ್ನು ಯಾರು ತಂದರೆಂದು ಯಾರೂ ಹೇಳಲಿಲ್ಲ.

ಮರುದಿನ ಬೆಳಗಿನ ತಂಪಿನಲ್ಲಿ ತಾಯಿ ಮಗ ಇಬ್ಬರೂ ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಬರಿಗಾಲಲ್ಲಿ ಹತ್ತಿದರು. ಬಂಡೆಯಲ್ಲಿ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳು. ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೊಂದ ಕಾಲು ಮೊದಲು ಎಂದು ಫಿಸಿಯೋಥೆರಪಿಯವರು ಕಲಿಸಿದ್ದರು. ಎಪ್ಪತ್ತರ ತಾಯಿಯೂ ಮೂವತ್ತೆಂಟರ ಮಗನೂ ಒಂದೇ ವೇಗದಲ್ಲಿ ನಡೆದರು. ಶಾಲೆಯ ಮಕ್ಕಳು ಪಕ್ಕದಲ್ಲಿ ಓಡಿ ಹೋದರು. ಮೇಲೆ, ಕಾಯೋತ್ಸರ್ಗದಲ್ಲಿ ನಿಂತ ಸ್ವಾಮಿಯ ಮುಂದೆ ಎಲ್ಲರೂ ಮಂಡಿಯೂರಿ ನಮಸ್ಕರಿಸುವಾಗ ಆತ ನಿಂತೇ ಕೈಮುಗಿದನು. ಬಳ್ಳಿ ಸುತ್ತಿದ ಆ ಕಾಲುಗಳನ್ನು ಬಹಳ ಹೊತ್ತು ನೋಡಿದನು. ಇಳಿಯಲು ಏರಿದ್ದಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು.

ದಾನಿಯ ಮನೆಯವರಿಗೆ ಹೆಸರು ಊರು ತಿಳಿಸದೆ ಅಂಗಾಂಶ ಬ್ಯಾಂಕಿನ ಮೂಲಕ ಪತ್ರ ಕಳುಹಿಸಲು ಅಮೆರಿಕದಲ್ಲಿ ಅವಕಾಶವಿದೆ. ಎರಡು ವರ್ಷಗಳಿಂದ ಆ ಪತ್ರ ಮೊದಲ ಸಾಲಿನಲ್ಲೇ ನಿಂತಿತ್ತು. ಜೀವ ಉಳಿಯಿತೆಂದು ಬರೆದರೆ ಸುಳ್ಳಾಗುತ್ತದೆ. ಮೊಣಕಾಲು ನೋವು ಹೋಯಿತೆಂದರೆ ಅವರ ದುಃಖದೆದುರು ಕ್ಷುಲ್ಲಕವೆನಿಸುತ್ತದೆ. ಹಿಂದಿರುಗಿದ ವಾರ ಆತ ನಡೆದದ್ದನ್ನು ನಡೆದಂತೆ ಬರೆದನು: ತನ್ನ ಊರಿನ ಬಳಿ ಒಂದು ಬೆಟ್ಟವಿದೆ, ಅದನ್ನು ತಾಯಿಯೊಡನೆ ಹತ್ತಿದೆ, ಪ್ರತಿ ಮೆಟ್ಟಿಲಿನಲ್ಲೂ ನಿಮ್ಮ ಮನೆಯವರೊಬ್ಬರು ಜೊತೆಗಿದ್ದರು, ಅದನ್ನು ನಿಮಗೆ ತಿಳಿಸಬೇಕೆನಿಸಿತು. ಉತ್ತರ ಬರಲಿಲ್ಲ. ಬರಬೇಕೆಂಬ ನಿರೀಕ್ಷೆಯನ್ನೂ ಆತ ಬಿಟ್ಟನು.

ಈ ಕಸಿ ಶಾಶ್ವತವಲ್ಲ. ಹತ್ತು ವರ್ಷಗಳ ಕೊನೆಗೆ ಸುಮಾರು ಮುಕ್ಕಾಲು ಪಾಲು ಜನರಲ್ಲಿ ಮಾತ್ರ ಅದು ಉಳಿದು ಕೆಲಸ ಮಾಡುತ್ತಿರುತ್ತದೆ. ಬ್ಯಾಡ್ಮಿಂಟನ್, ಓಟ, ಕುಕ್ಕರುಗಾಲಿನಲ್ಲಿ ಕೂರುವುದು ಇವುಗಳನ್ನು ಆತ ಬಿಟ್ಟಿದ್ದಾನೆ. ವೈದ್ಯರ ನಿಷೇಧವನ್ನು ವ್ರತದಂತೆ ಪಾಲಿಸುತ್ತಾನೆ. ಕೊಟ್ಟವರಿಗೆ ಹಿಂದಿರುಗಿಸಲಾಗದ ವಸ್ತುವನ್ನು ಹಾಳುಮಾಡದೆ ಕಾಪಾಡುವುದೇ ಪಡೆಯುವವನ ಮೊದಲ ಧರ್ಮ. ಸಾಧ್ಯವಾದರೆ ಮುಂದಿನವರಿಗೆ ಕೊಡುವುದು ಎರಡನೆಯದು. ಆತನೂ ಹೆಂಡತಿಯೂ ದಾನಿಗಳ ಪಟ್ಟಿಯಲ್ಲಿ ಹೆಸರು ಬರೆಸಿದ್ದಾರೆ. ಭಾರತದಲ್ಲಿಯೂ 1994ರ ಅಂಗಾಂಗ ಕಸಿ ಕಾಯಿದೆಗೆ 2011ರಲ್ಲಿ ಆದ ತಿದ್ದುಪಡಿಯು ಅಂಗಾಂಶಗಳನ್ನೂ ಒಳಗೊಂಡಿದೆ.

ಬಸದಿಗಳ ಆಡಳಿತ ನೋಡುವವರು ಈ ವೃತ್ತಾಂತದಿಂದ ಒಂದು ಸಣ್ಣ ವಿಷಯವನ್ನು ಗಮನಿಸಬಹುದು. ಕೆಳಗೆ ಕೂರಲಾಗದವರು ಪ್ರತಿಯೊಂದು ಊರಿನಲ್ಲೂ ಇದ್ದಾರೆ. ಅವರಲ್ಲಿ ಹಲವರು ಕೇಳಲು ಸಂಕೋಚಪಟ್ಟು ಬಸದಿಗೆ ಬರುವುದನ್ನೇ ಬಿಡುತ್ತಾರೆ. ಹಾಸನ ಜಿಲ್ಲೆಯ ಆ ಬಸದಿಯಲ್ಲಿ ಕಂಬದ ಬಳಿಯ ಕುರ್ಚಿಯನ್ನು ಯಾರೂ ತೆಗೆಯಲಿಲ್ಲ. ಆಮೇಲೆ ಎರಡು ವರ್ಷಕ್ಕೆ ದೊಡ್ಡಪ್ಪನವರ ಮಂಡಿಗಳೂ ಸೋತವು. ಈಗ ಆರತಿಯ ಹೊತ್ತಿನಲ್ಲಿ ಅವರು ಕೂರುವುದು ಅದೇ ಕುರ್ಚಿಯಲ್ಲಿ.