ತಾಮ್ರದ ಸಾಕ್ಷ್ಯ

ಬಂಗಾರಕ್ಕೆ ನಿಕಷಶಿಲೆಯುಂಟು, ಸೈನಿಕನು ಕೆನ್ನೆಯಿಟ್ಟು ಗುರಿನೋಡುವ ಬಂದೂಕಿಗೆ ಒರೆಗಲ್ಲು ಯಾವುದು? ಅದು ಬಿರಿದರೆ ಮೊದಲು ಕೆಡುವುದು ಅವನ ಕಣ್ಣೇ. ಆದುದರಿಂದ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1813ರ ಶಾಸನದಂತೆ ಪರೀಕ್ಷಾಗೃಹವು ಸ್ಥಾಪಿತವಾಯಿತು. ಅಲ್ಲಿ ವಾಡಿಕೆಗಿಂತ ಅಧಿಕವಾದ ಮದ್ದನ್ನು ಹಾರಿಸಿ, ಬಿರಿಯದ ನಳಿಗೆಗೆ ಮಾತ್ರ ಮುದ್ರೆಯೊತ್ತುವರು. ಆದರೆ ಒತ್ತಡವೆಷ್ಟೆಂಬುದನ್ನು ಆ ಮುದ್ರೆಯು ಹೇಳಲಾರದು.

1860ರ ದಶಕದಲ್ಲಿ ಆಂಡ್ರೂ ನೋಬಲ್ ಎಂಬಾತನು ಫಿರಂಗಿಗಳಿಗೆ ಬಳಸಿದ ಉಪಾಯವನ್ನು ಬಳಿಕ ಬಂದೂಕುಗಳಿಗೂ ಅನ್ವಯಿಸಿದರು. ಮದ್ದಿನ ಹೊಗೆಯು ಪಿಸ್ಟನ್ನನ್ನು ನೂಕಲು, ಅದರಾಚೆಯ ಪುಟ್ಟ ತಾಮ್ರಖಂಡವು ಕುಗ್ಗುವುದು. ಕುಗ್ಗಿದ ಅಳತೆಯನ್ನು ಕೋಷ್ಟಕದೊಡನೆ ಹೋಲಿಸಿದರೆ ಒತ್ತಡವು ತಿಳಿಯುವುದು. ಕ್ಷಣಮಾತ್ರದ ಪೆಟ್ಟಿಗೆ ತಾಮ್ರವು ಪೂರ್ಣವಾಗಿ ಮಣಿಯದಾದ್ದರಿಂದ, ಈ ಲೆಕ್ಕವು ಸಾಮಾನ್ಯವಾಗಿ ನಿಜಕ್ಕಿಂತ ಕಡಮೆಯೇ.

ಮಕ್ಕಳನ್ನು ಪರೀಕ್ಷಿಸುತ್ತ ಮುದುಕನಾದ ನನಗೆ ಇದು ಪರಿಚಿತವಾದ ನೀತಿ: ಒಮ್ಮೆ ತೇರ್ಗಡೆಯಾದುದು ಎಂದೆಂದಿಗೂ ದೃಢವಲ್ಲ. ಹಿರಿಯರ ಬಂದೂಕನ್ನು ಗೋಡೆಯಲ್ಲಿ ತೂಗಿಟ್ಟವರು ಹಳೆಯ ಮುದ್ರೆಯನ್ನು ನಂಬಿ ಅದನ್ನು ಹಾರಿಸದಿರಲಿ.